ಘಟದ ಸಸಿ, ಗಡಿಗೆಯ ಮರಿ

ಮೂಸಿ ನೋಡದೆ ನಾನು ಯಾವುದನ್ನೂ ಯಾರ ಮುಂದೆಯೂ ಇಡುವುದಿಲ್ಲ. ಹಾಲಿನ ಪಾಕೀಟು ಕತ್ತರಿಸಿದ ಕೂಡಲೇ ಒಮ್ಮೆ, ಕಾಯಿಸಿದ ಮೇಲೆ ಒಮ್ಮೆ. ಮಗಳ ಟಿಫಿನ್ ಡಬ್ಬಿಯ ಮುಚ್ಚಳ ಹಾಕುವ ಮೊದಲು ಮತ್ತೊಮ್ಮೆ. ಮದುವೆಯಾಗಿ ಹಳಿಯಾಳಕ್ಕೆ ಬಂದ ಹೊಸತರಲ್ಲಿ ಇದನ್ನು ಕಂಡ ನನ್ನ ಅತ್ತೆ, ತಮ್ಮ ಅಡುಗೆಯ ಮೇಲೆ ಸೊಸೆಗೆ ಅನುಮಾನ ಎಂದುಕೊಂಡು ಎಷ್ಟೋ ದಿನ ಮುಖ ಸಣ್ಣದು ಮಾಡಿಕೊಂಡಿದ್ದರು. ಈಗ ಅವರೇ ಸಾರಿನ ಪಾತ್ರೆಯನ್ನು ನನ್ನ ಮೂಗಿನ ಹತ್ತಿರ ತಂದು "ನೋಡವಾ ಇನ್ಸ್‌ಪೆಕ್ಟರ್, ಪಾಸೋ ಫೇಲೋ?" ಎಂದು ಕೇಳುತ್ತಾರೆ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಮೂಸುವ ಆ ಒಂದು ಗಳಿಗೆಯಲ್ಲಿ ಎದೆಯೊಳಗೆ ಏನೋ ಬಿಗಿಯುತ್ತದೆ. ವಾಸನೆ ಸರಿಯಿದೆ ಎಂದು ಗೊತ್ತಾದ ಮೇಲೆಯೇ ಅದು ಸಡಿಲವಾಗುವುದು. ಆ ಬಿಗಿತ ಎಲ್ಲಿಂದ ಬಂತೆಂದು ನನಗೆ ಚೆನ್ನಾಗಿ ಗೊತ್ತು. ದಾಂಡೇಲಿಯ ಕಾಗದದ ಮಿಲ್ಲಿನ ಕ್ವಾರ್ಟರ್ಸಿನಲ್ಲಿ ನಮ್ಮ ಮನೆಯ ಹಿಂದಿನ ವರಾಂಡದಲ್ಲಿ ತೂಗುತ್ತಿದ್ದ ಒಂದು ಒದ್ದೆ ಬಟ್ಟೆಯ ಗಂಟಿನಿಂದ.

ಆ ಮನೆ ರೈಲುಡಬ್ಬಿಯ ಹಾಗೆ ಉದ್ದಕ್ಕಿತ್ತು. ಮುಂದೆ ಅಪ್ಪನ ಸೈಕಲ್ಲು ನಿಲ್ಲುವ ಕೋಣೆ, ಆಮೇಲೆ ದೇವರ ಕಟ್ಟೆಯಿದ್ದ ನಡುಮನೆ, ಅದರಾಚೆ ಅಡುಗೆಮನೆ, ಕೊನೆಗೆ ತಗಡು ಹೊದಿಸಿದ ವರಾಂಡ. ಮುಂದಿನ ಬಾಗಿಲಲ್ಲಿ ನಿಂತರೆ ಹಿಂದಿನ ಕರಿಬೇವಿನ ಗಿಡ ನೇರವಾಗಿ ಕಾಣುತ್ತಿತ್ತು. ಹಾಗಾಗಿ ಆ ಮನೆಯಲ್ಲಿ ಏನನ್ನೂ ಮುಚ್ಚಿಡಲು ಆಗುತ್ತಿರಲಿಲ್ಲ. ಒಂದು ಕೋಣೆಯಲ್ಲಿ ಉಸಿರು ಬಿಟ್ಟರೆ ಇನ್ನೊಂದರಲ್ಲಿ ಕೇಳಿಸುತ್ತಿತ್ತು. ನಮ್ಮ ದಿನವನ್ನು ಮಿಲ್ಲಿನ ಭೋಂಗಾ ತುಂಡುಮಾಡಿ ಹಂಚುತ್ತಿತ್ತು. ಅದು ಕೂಗಿದಾಗ ಅಪ್ಪ ಹೊರಡುತ್ತಿದ್ದ, ಅದು ಕೂಗಿದಾಗ ಅವ್ವ ಅನ್ನಕ್ಕೆ ಇಡುತ್ತಿದ್ದಳು. ಮನೆಯ ಯಜಮಾನಿಕೆ ಆಯಿಯದು, ಎಂದರೆ ಅಪ್ಪನ ಅವ್ವನದು. ಧಾರವಾಡ ಕಡೆಯ ಊರು ಬಿಟ್ಟು ಮಗನ ಹಿಂದೆ ಬಂದವಳು, ಬರುವಾಗ ಊರಿನ ಮಡಿಯನ್ನೂ ಮೈಲಿಗೆಯನ್ನೂ ಟ್ರಂಕಿನಲ್ಲಿ ತುಂಬಿಕೊಂಡು ಬಂದಿದ್ದಳು. ಅವ್ವ ಮುಂಡಗೋಡ ತಾಲ್ಲೂಕಿನ ಇಂದೂರದ ಹುಡುಗಿ. ಇವರಿಬ್ಬರೂ ಬಾಯಿಮಾತಿನಲ್ಲಿ ಜಗಳವಾಡಿದ್ದು ಕಡಿಮೆ. ಪಾತ್ರೆಗಳ ಸದ್ದಿನಲ್ಲಿ ಆಡುತ್ತಿದ್ದರು. ಶಾಲೆಯಿಂದ ಬಂದವಳು ನಾನು ಬೂಟು ಬಿಚ್ಚುವ ಮೊದಲು ಬಾಗಿಲಲ್ಲೇ ನಿಂತು ಆ ಸದ್ದನ್ನು ಕೇಳಿಸಿಕೊಳ್ಳುತ್ತಿದ್ದೆ. ಹಿತ್ತಾಳೆ ಚೆಂಬು ಮೆಲ್ಲಗೆ ಕೂತರೆ ಎಲ್ಲ ಸರಿ. ಕುಕ್ಕಿದರೆ ಸಂಜೆಯವರೆಗೂ ನಾನು ಮುಂದಿನ ಕೋಣೆ ಬಿಟ್ಟು ಒಳಗೆ ಹೋಗುತ್ತಿರಲಿಲ್ಲ.

ಆ ಒದ್ದೆ ಗಂಟು ತೂಗುತ್ತಿದ್ದದ್ದು ಫಿಂಚ್ ಎಂಬ ಸಾಕುಹಕ್ಕಿಗಳಿಗಾಗಿ. ಅವು ನಮ್ಮ ಮನೆಗೆ ಬಂದದ್ದು ಕಾನ್ವೆಂಟಿನಿಂದ. ನಮ್ಮ ಸಿಸ್ಟರ್ ಬೆನೆಡಿಕ್ಟಾ ಮಂಗಳೂರು ಕಡೆಯವರು, ಶಾಲೆಯ ಹಿಂದಿನ ಮೊಗಸಾಲೆಯಲ್ಲಿ ಪಂಜರ ಇಟ್ಟು ಸಾಕಿದ್ದರು. ಗುಬ್ಬಿಗಿಂತ ಸಣ್ಣವು, ಕೆಂಪು ಕೊಕ್ಕು. ಗಂಡಿನ ಕೆನ್ನೆಯ ಮೇಲೆ ಅರಿಸಿನ ಕುಂಕುಮ ಕಲಸಿ ಬೊಟ್ಟಿಟ್ಟಂಥ ಗುರುತು, ಹೆಣ್ಣು ಬರೀ ಬೂದು. ಕೂಗಿದರೆ ಜಾತ್ರೆಯಲ್ಲಿ ಮಾರುವ ರಬ್ಬರ್ ಪೀಪಿಯ ಸದ್ದು. ಸಿಸ್ಟರಿಗೆ ಬೇರೆ ಊರಿಗೆ ಹೋಗಲು ಹೇಳಿಕೆ ಬಂದಾಗ ಒಂದು ಜೋಡಿಯನ್ನು ನನಗೆ ಕೊಟ್ಟರು. ಗೂಡಿಗೆಂದು ಪಂಜರದೊಳಗೆ ಒಂದು ಅಂಗೈಯಗಲದ ಮಣ್ಣಿನ ಗಡಿಗೆಯನ್ನು ಅಡ್ಡಡ್ಡ ಕಟ್ಟಿದ್ದರು. ಮಳೆಗಾಲದಲ್ಲಿ ಹೆಣ್ಣು ಹಕ್ಕಿ ಅದರಲ್ಲಿ ಮೊಟ್ಟೆ ಇಟ್ಟಿತು. ಮರಿಗಳಾದವು. ನಾವು ದೊಡ್ಡ ಹಕ್ಕಿಗಳಿಗೆ ಹಾಕುವ ಒಣ ನವಣೆಯನ್ನೇ ಹಾಕುತ್ತ ಇದ್ದೆವು. ಮರಿಗಳು ಒಂದೊಂದಾಗಿ ಹೋದವು. ಅಪ್ಪ ಅವನ್ನು ಕರಿಬೇವಿನ ಗಿಡದ ಬುಡದಲ್ಲಿ ಹೂಳಿದ. ಸಿಸ್ಟರ್ ಊರು ಬಿಡುವ ವಾರ ನಾನು ಅಳುತ್ತ ಹೋಗಿ ಹೇಳಿದಾಗ ಅವರು ತಲೆ ಸವರಿದರು.

"ಮರಿಗಳಿಗೆ ಒಣಕಾಳು ಸಾಲುದಿಲ್ಲ ಮಗಾ. ಬೇಯಿಸಿದ ಮೊಟ್ಟೆ ಪುಡಿ ಮಾಡಿ ಕೊಡ್ಬೇಕು."

"ನಮ್ಮ ಮನ್ಯಾಗ ತತ್ತಿ ತರಂಗಿಲ್ಲ ಸಿಸ್ಟರ್."

"ಹಾಗಾದ್ರೆ ಮೊಳಕೆ ಉಂಟಲ್ಲ! ಕಾಳು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಬೆಳಿಗ್ಗೆ ಮಧ್ಯಾಹ್ನ ಸಂಜೆ ತೊಳೀಬೇಕು. ಕೊಡುವ ಮೊದ್ಲು ಮೂಸಿ ನೋಡು. ಮಣ್ಣಿನ ವಾಸನೆ ಬಂದ್ರೆ ಒಳ್ಳೇದು. ಹುಳಿ ವಾಸನೆ ಬಂದ್ರೆ ಬಿಸಾಡು, ಒಂದು ಕಾಳೂ ಕೊಡ್ಬೇಡ. ನಿನ್ನ ಮೂಗೇ ನಿನಗೆ ಟೀಚರ್, ತಿಳೀತಾ?"

ಮನೆಗೆ ಬಂದು ಇದನ್ನೆಲ್ಲ ಒದರಿದೆ. ಆಯಿ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

"ತತ್ತಿ ತಿಂದು ಬೆಳದ ಹಕ್ಕಿ ಅವು. ಈಗ ನಮ್ಮ ಮನಿಗೆ ಬಂದು ಮೊಳಕಿ ತಿನ್ನು ಅಂದ್ರ ಕೇಳ್ತಾವೇನು?"

"ನಾನೂ ಇಂದೂರದಾಗ ಬೆಣ್ಣಿ ರೊಟ್ಟಿ ತಿಂದು ಬೆಳದಾಕೀನ ಅತ್ತಿ. ಇಲ್ಲಿ ಬಂದು ನೀವು ಹಾಕಿದ್ದು ತಿನ್ನಾಕತ್ತಿಲ್ಲೇನು?"

ಅವ್ವ ಇದನ್ನು ತಲೆ ಎತ್ತದೆ, ಕಾಯಿಪಲ್ಲೆ ಹೆಚ್ಚುತ್ತ, ಹವೆಯ ಬಗ್ಗೆ ಮಾತಾಡಿದ ಹಾಗೆ ಹೇಳಿದಳು. ಪೇಪರಿನ ಹಿಂದೆ ಅಪ್ಪನ ಭುಜ ಅಲುಗಿತು. ಆಯಿ ಎದ್ದು ಒಳಗೆ ಹೋದಳು. ಚೆಂಬು ಕುಕ್ಕಿದ ಸದ್ದು.

ಮೊಳಕೆ ಕಟ್ಟುವ ಕೆಲಸ ಅವ್ವನೂ ನಾನೂ ಸೇರಿ ಕಲಿತೆವು. ಇಂದೂರದ ಮಾಮಾ, ಅವ್ವನ ತಮ್ಮ, ಹೊಟ್ಟು ಸಮೇತದ ನವಣೆಯನ್ನು ಒಂದು ಡಬ್ಬಿ ತುಂಬ ಕೊಟ್ಟು ಹೋಗಿದ್ದ. ಸಂಜೆ ಒಂದು ಹಿಡಿ ನೆನೆಹಾಕಿ, ಬೆಳಿಗ್ಗೆ ತೊಳೆದು, ಅಪ್ಪನ ಹಳೆಯ ಪಂಚೆಯ ತುಂಡಿನಲ್ಲಿ ಸಡಿಲವಾಗಿ ಕಟ್ಟಿ ವರಾಂಡದ ಮೊಳೆಗೆ ನೇತುಹಾಕುವುದು. ಬಿಗಿಯಾಗಿ ಕಟ್ಟಿದರೆ ಕಾಳು ಬೆವರುತ್ತದೆ. ಮರುದಿನ ಗಂಟು ಬಿಚ್ಚಿದರೆ ಪ್ರತಿ ಕಾಳಿಗೂ ಮೂಗುಬೊಟ್ಟಿನ ಮೊನೆಯಷ್ಟು ಬಿಳಿ ಚುಕ್ಕೆ. ಅದು ಬಾಲವಾಗುವುದರೊಳಗೆ ಕೊಡಬೇಕು. ಕೊಡುವ ಮೊದಲು ಟವೆಲ್ಲಿನ ಮೇಲೆ ಹರಡಿ ನೀರು ಆರಿಸಬೇಕು. ತಿಂದು ಉಳಿದದ್ದನ್ನು ಮಧ್ಯಾಹ್ನದೊಳಗೆ ತೆಗೆದು ತಾಟು ತೊಳೆಯಬೇಕು. ಜೊತೆಗೆ ಸೌತೆಕಾಯಿಯ ಬಿಲ್ಲೆ, ಎರಡು ಎಸಳು ಮೆಂತ್ಯ, ರಾಜಗಿರಿ ಸೊಪ್ಪು. ಸೊಪ್ಪನ್ನು ಅವ್ವ ನಮಗಿಂತ ಒಂದು ನೀರು ಹೆಚ್ಚೇ ತೊಳೆಯುತ್ತಿದ್ದಳು. ಹೊಸದೇನು ಇಟ್ಟರೂ ಹಕ್ಕಿಗಳು ಮೊದಲು ನಂಬುತ್ತಿರಲಿಲ್ಲ. ಗಂಡು ಹಕ್ಕಿ ಕತ್ತು ಓರೆ ಮಾಡಿ ಒಂದು ಕಣ್ಣಿನಲ್ಲಿ ನೋಡಿ, ಹಾರಿ ದೂರ ಹೋಗಿ, ಮತ್ತೆ ಬಂದು ಇನ್ನೊಂದು ಕಣ್ಣಿನಲ್ಲಿ ನೋಡುತ್ತಿತ್ತು. ಅವ್ವ ಹೊಸ ಜನರೆದುರು ಹೀಗೆಯೇ ನಿಲ್ಲುತ್ತಿದ್ದಳು, ಬಾಗಿಲ ಹಿಂದೆ, ಅರ್ಧ ಮುಖ.

ನನಗಿದ್ದ ಕಷ್ಟ ಬೇರೆ. ಮಿಲ್ಲಿನ ಕಡೆಯಿಂದ ಗಾಳಿ ಬೀಸಿದ ದಿನ ಇಡೀ ಓಣಿಗೇ ಬೆಂದ ಎಲೆಕೋಸಿನಂಥ ವಾಸನೆ ಇರುತ್ತಿತ್ತು. ನಮಗೆಲ್ಲ ಅದು ರೂಢಿ. ಬಂದ ನೆಂಟರು ಹೇಳಿದಾಗಲೇ ನಮಗೆ ನೆನಪಾಗುವುದು. ಆದರೆ ಗಂಟು ಬಿಚ್ಚಿ ಮೂಗಿಗೆ ಹಿಡಿದಾಗ ಮಾತ್ರ ನಾನು ಗೊಂದಲಕ್ಕೆ ಬೀಳುತ್ತಿದ್ದೆ. ಈ ಹುಳಿ ಕಾಳಿನದೋ, ಗಾಳಿಯದೋ? ಸಿಸ್ಟರ್ ನನ್ನ ಮೂಗನ್ನು ಟೀಚರ್ ಮಾಡಿ ಹೋಗಿದ್ದರು, ಆ ಟೀಚರಿಗೆ ಶೀತ ಹಿಡಿದ ಹಾಗಿತ್ತು. ಒಮ್ಮೊಮ್ಮೆ ಗಂಟನ್ನು ಹಿಡಿದುಕೊಂಡು ಓಣಿಯ ತುದಿಯ ಹುಣಸೆಮರದ ತನಕ ಓಡಿ, ಅಲ್ಲಿ ಮೂಸಿ, ಮತ್ತೆ ಮನೆಗೆ ಬಂದು ಮೂಸುತ್ತಿದ್ದೆ. ಜನ ನೋಡಿ ನಗುತ್ತಿದ್ದರು. ಕ್ಲಾಸಿನಲ್ಲಿ ಕೂತು ಮಗ್ಗಿ ಹೇಳುವಾಗಲೂ ನನ್ನ ಬೆರಳು ಮೂಗಿನ ಹತ್ತಿರವೇ ಇರುತ್ತಿತ್ತು.

ದಸರೆಯ ಹೊತ್ತಿಗೆ ಗಡಿಗೆಯಲ್ಲಿ ಮತ್ತೆ ಮರಿಗಳಾದವು. ನಮ್ಮ ಕಡೆ ದಸರೆ ಎಂದರೆ ಘಟ. ದೇವರ ಕಟ್ಟೆಯ ಮುಂದೆ ಪತ್ರಾವಳಿಯ ಮೇಲೆ ಹೊಲದ ಮಣ್ಣು ಹರಡಿ, ಕಾಳು ಬಿತ್ತಿ, ನಡುವೆ ನೀರು ತುಂಬಿದ ಮಣ್ಣಿನ ಬಿಂದಿಗೆ ಇಟ್ಟು, ಪಕ್ಕದಲ್ಲಿ ದೀಪ ಹಚ್ಚುತ್ತಾರೆ. ದಶಮಿಯ ತನಕ ದೀಪ ಆರಬಾರದು, ಕೂರಿಸಿದ ಘಟ ಕೂದಲೆಳೆಯಷ್ಟೂ ಅಲುಗಬಾರದು. ಬಿಂದಿಗೆಯ ಸುತ್ತ ಸಸಿ ಹೇಗೆ ಏಳುತ್ತದೋ ಆ ವರ್ಷ ಮನೆಯೂ ಹಾಗೆ ಏಳುತ್ತದೆ ಎಂದು ಆಯಿಯ ನಂಬಿಕೆ. ದಶಮಿಯ ಬೆಳಿಗ್ಗೆ ಆಕೆ ಸಸಿಯ ಮುಂದೆ ಕೂತು, ಪೇಪರ್ ಓದಿದ ಹಾಗೆ, ಈ ಕಡೆ ದಟ್ಟ ಬಂದಿದೆ, ಆ ಕಡೆ ತೆಳುವಾಗಿದೆ ಎಂದು ವರ್ಷದ ಫಲ ಓದುತ್ತಿದ್ದಳು. ಹಿಂದಿನ ವರ್ಷ ಸಸಿ ಹಳದಿಯಾಗಿ, ಅರ್ಧಕ್ಕರ್ಧ ಕಾಳು ಮೇಲೆಯೇ ಏಳದೆ ಹೋಗಿತ್ತು. ಆಯಿ ಆ ಸಲ ಓದಿ ಮುಗಿಸದೆಯೇ ಎದ್ದಿದ್ದಳು. ಸಂಕ್ರಾಂತಿ ಬರುವ ಮೊದಲು ನಮ್ಮ ಜೊತೆಗೇ ಇದ್ದ ಅಜ್ಜ ತೀರಿಕೊಂಡ. ಯಾರೂ ಬಾಯಿಬಿಟ್ಟು ಎರಡನ್ನೂ ಸೇರಿಸಿ ಮಾತಾಡಲಿಲ್ಲ, ಆದರೆ ಉದ್ದನೆಯ ಆ ಮನೆಯಲ್ಲಿ ಆಡದ ಮಾತೂ ಕೇಳಿಸುತ್ತಿತ್ತು.

ಘಟ ಕೂರಿಸುವ ಹಿಂದಿನ ದಿನ ಆಯಿ ಅಡುಗೆಮನೆಯ ಹೊಸ್ತಿಲಲ್ಲಿ ಬಂದು ನಿಂತಳು.

"ಶಾಂತಾ, ಆ ಪಂಜರ ಬಾಜೂ ಕಸ್ತೂರಕ್ಕನ ಮನ್ಯಾಗ ಇಟ್ಟು ಬಾ. ದಸರಾ ಮುಗದ ಮ್ಯಾಲ ತಂದ್ರಾತು."

"ಈಗ ಗಡಗಿ ಅಲುಗಿದ್ರ ತಾಯಿ ಮರಿ ಬಿಟ್ಟುಬಿಡ್ತೈತಿ ಅತ್ತಿ. ಕಣ್ಣೂ ತಗದಿಲ್ಲ ಅವು."

"ದೀಪ ಉರಿಯೂಮುಂದ ಮನ್ಯಾಗ ಜೀವ ಹೋಗಬಾರದು. ಮಳಿಗಾಲದಾಗ ಎಲ್ಲಾ ಸತ್ತು ಬಿದ್ದದ್ದು ಮರತಿಯೇನು?"

"ಈ ಸರ್ತಿ ಸಾಯಂಗಿಲ್ಲ."

"ಯಾರು ಹೇಳ್ಯಾರ?"

"ನಾ ಹೇಳ್ತೇನಿ."

ಅವ್ವ ಅಷ್ಟು ಸಣ್ಣ ಮಾತನ್ನು ಅಷ್ಟು ದೊಡ್ಡದಾಗಿ ಆಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಆಯಿ ಹೊಸ್ತಿಲು ದಾಟಿ ಒಳಗೆ ಬಂದಳು.

"ಹಂಗಾರ ನಿನ್ನ ಮ್ಯಾಲ. ಒಂದ ಮರಿಗೆ ಏನರ ಆತು ಅಂದ್ರ, ಪಂಜರ ಈ ಮನಿ ಹೊಸ್ತಲಾ ದಾಟಿತು ಅಂತ ತಿಳಿ. ನನ್ನ ಘಟ ಮೈಲಿಗಿ ಆದದ್ದಕ್ಕ ದೇವರ ಮುಂದ ನೀನ ನಿಂತು ಉತ್ತರ ಹೇಳು."

ಮಾರನೆಯ ಬೆಳಿಗ್ಗೆ ಬಿತ್ತುವಾಗ ಆಯಿಯ ಕೈಯಲ್ಲಿ ಮಾಮಾ ಕೊಟ್ಟ ನವಣೆಯ ಡಬ್ಬಿ ಇತ್ತು. ಗೋಧಿ, ಜೋಳ ಒಂದೊಂದು ಚಿಟಿಕೆ ಹಾಕಿ, ನವಣೆಯನ್ನು ಹಿಡಿ ಹಿಡಿಯಾಗಿ ಉದುರಿಸಿದಳು. ಹಿಂದಿನ ವರ್ಷ ತೆಳುವಾದದ್ದು ಈ ವರ್ಷ ಆಗಬಾರದು ಎಂಬ ಒಂದೇ ಹಟದಲ್ಲಿ ಡಬ್ಬಿಯ ತಳ ಬಡಿದು ಬಡಿದು ಹಾಕಿದಳು. ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ದೇವರ ಕೆಲಸಕ್ಕೆ ತೆಗೆದದ್ದನ್ನು ಬೇಡ ಎನ್ನುವುದು ಹೇಗೆ? ಹಿಂದಿನ ದಿನ ಕಟ್ಟಿದ್ದ ಗಂಟೊಂದು ಮಾತ್ರ ಮೊಳೆಯಲ್ಲಿ ತೂಗುತ್ತಿತ್ತು.

ಅದು ಮುಗಿಯುವುದರೊಳಗೆ ಅಪ್ಪ ರಜೆಯ ದಿನ ಹಳಿಯಾಳದ ಪೇಟೆಗೆ ಹೋಗಿ ನವಣೆ ತಂದ. ಅಂಗಡಿಯಿಂದ ಅಂಗಡಿಗೆ ತಿರುಗಿ, ಇದ್ದುದರಲ್ಲಿ ಉತ್ತಮವಾದದ್ದನ್ನು ಆರಿಸಿದ್ದೇನೆ ಎಂಬ ಸಂಭ್ರಮ ಅವನ ಮುಖದಲ್ಲಿ.

"ನೋಡ, ಎಷ್ಟು ಸ್ವಚ್ಛ ಐತಿ! ಒಂದ ಕಲ್ಲಿಲ್ಲ, ಹೊಟ್ಟಿಲ್ಲ. ಬಂಗಾರದಂಗ ಐತಿ."

ಅವ್ವ ಅಂಗೈಯಲ್ಲಿ ಹಾಕಿಕೊಂಡು ಬೆರಳಿನಿಂದ ತಿಕ್ಕಿದಳು. ಮುಖದ ಬಣ್ಣ ಇಳಿಯಿತು.

"ಹೊಟ್ಟು ತಗದ ಮ್ಯಾಲ ಮೊಳಕಿ ಹೆಂಗ ಬರ್ತೈತ್ರಿ? ಇದು ಅನ್ನ ಮಾಡೂ ನವಣಕ್ಕಿ."

"ಹೌದೇನು?" ಎಂದು ಅಪ್ಪ ಚೀಲವನ್ನೇ ನೋಡಿದ. "ಎಲ್ಲಾ ಒಂದ ಅಲ್ಲೇನು ಅದು?"

ಆದರೂ ಅವ್ವ ಅದನ್ನೇ ನೆನೆಹಾಕಿದಳು. ಕೆಲವು ಕಾಳಿನಲ್ಲಾದರೂ ಜೀವ ಉಳಿದಿರಬಹುದು ಎಂಬ ಆಸೆ. ಹೊರಗೆ ಹಿಂಗಾರಿನ ಮಳೆ, ಬಿಸಿಲಿನ ಸುಳಿವಿಲ್ಲ. ಮರುದಿನ ಗಂಟು ಬಿಚ್ಚಿದಾಗ ಕಾಳು ಬೆರಳಿಗೆ ಅಂಟಿಕೊಂಡಿತು. ನಾನು ಮೂಸಿದೆ. ಹುಳಿ. ಮಿಲ್ಲಿನ ಗಾಳಿ ಇರಬಹುದು ಎಂದು ಮಳೆಯಲ್ಲೇ ಹುಣಸೆಮರದ ತನಕ ಓಡಿ ಮೂಸಿದೆ. ಅಲ್ಲಿಯೂ ಹುಳಿ. ಹಿಂತಿರುಗಿ ಬರುವಾಗ ಕಾಲು ಭಾರವಾಗಿತ್ತು. ಬರೀ ವಾಸನೆಯೊಂದನ್ನು ಮನೆಗೆ ಹೊತ್ತು ತರುತ್ತಿದ್ದೆ, ಅದಕ್ಕೇ ಅಷ್ಟು ಭಾರ. ಅವ್ವ ನನ್ನ ಮುಖ ನೋಡಿಯೇ ಗಂಟನ್ನು ಕೈಯಿಂದ ತೆಗೆದುಕೊಂಡು ತಿಪ್ಪೆಗೆ ಸುರಿದಳು. ಡಬ್ಬದ ಜೋಳಕ್ಕೆ ಹುಳು ಬಾರದ ಹಾಗೆ ಪುಡಿ ಕಲಸಿಟ್ಟಿತ್ತು, ಅದನ್ನು ಮರಿಗಳಿಗೆ ಕೊಡಲು ಧೈರ್ಯವಿಲ್ಲ. ಹೆಸರುಕಾಳು ನೆನೆಹಾಕಿದಳು, ಅದು ಮೊಳೆತು ಮೆತ್ತಗಾಗಲು ಒಂದು ದಿನವಾದರೂ ಬೇಕು. ಇಂದೂರಕ್ಕೆ ಬಸ್ಸಿನ ಡ್ರೈವರ್ ಕೈಯಲ್ಲಿ ಹೇಳಿ ಕಳಿಸಿದ್ದಾಗಿತ್ತು; ಮುಂಡಗೋಡದ ಸಂತೆ ಮುಗಿಸಿ ಬರುತ್ತೇನೆಂದು ಮಾಮಾ ತಿರುಗಿ ಹೇಳಿಕಳಿಸಿದ್ದ. ಸಂತೆ ಇನ್ನೂ ಮುಂದಿತ್ತು.

ಫಿಂಚ್ ಮರಿಯ ಕುತ್ತಿಗೆಯ ಪಕ್ಕ ಒಂದು ಸಣ್ಣ ಚೀಲವಿರುತ್ತದೆ. ಮೈಮೇಲೆ ಇನ್ನೂ ರೆಕ್ಕೆಪುಕ್ಕ ಬಂದಿರುವುದಿಲ್ಲವಾದ್ದರಿಂದ ಚರ್ಮದ ಮೂಲಕವೇ ಒಳಗಿನ ಕಾಳು ಕಾಣುತ್ತದೆ, ತೆಳು ಪ್ಲಾಸ್ಟಿಕ್ಕಿನಲ್ಲಿ ಸಾಬಕ್ಕಿ ತುಂಬಿದ ಹಾಗೆ. ತಾಯಿ ಉಣಿಸಿದೆಯೋ ಇಲ್ಲವೋ ಎಂದು ತಿಳಿಯಲು ಅದನ್ನು ನೋಡಿದರೆ ಸಾಕು. ಆ ಬೆಳಿಗ್ಗೆ ಅವ್ವ ಸ್ಟೂಲಿನ ಮೇಲೆ ಹತ್ತಿ, ಗಡಿಗೆಯ ಬಾಯಿಗೆ ಟಾರ್ಚ್ ಹಿಡಿದಳು. ಚೀಲಗಳೆಲ್ಲ ಚಪ್ಪಟೆ. ದೊಡ್ಡ ಹಕ್ಕಿಗಳು ನವಣಕ್ಕಿಯನ್ನು ಕೆದರಿ ಕೆದರಿ ಚೆಲ್ಲಿದ್ದವು. ಮೂರು ಮರಿಗಳು ಕತ್ತು ತಿರುಚಿ ಬಾಯಿ ತೆರೆದವು. ಎಲ್ಲಕ್ಕಿಂತ ಸಣ್ಣದು ತಲೆ ಎತ್ತಲಿಲ್ಲ.

ಮುಂದಿನ ಕೋಣೆಯಲ್ಲಿ ಅಪ್ಪ ದನಿ ತಗ್ಗಿಸಿದ.

"ಒಂದ ತತ್ತಿ ತರಲೇನು? ಕಸ್ತೂರಕ್ಕನ ಮನ್ಯಾಗ ಕುದಿಸಿ..."

"ದೀಪದ ಮುಂದ ಆ ಹೆಸರ ತಗೀಬ್ಯಾಡ!" ಎಂದು ನಡುಮನೆಯಿಂದ ಆಯಿ. ಅಪ್ಪ ಸೈಕಲ್ಲಿಗೆ ಗಾಳಿ ಹೊಡೆಯತೊಡಗಿದ. ಗಾಳಿ ಇದ್ದೇ ಇತ್ತು.

ಅಂದು ಮಧ್ಯಾಹ್ನ ಅಪ್ಪ ಕೆಲಸಕ್ಕೆ ಹೋಗಿದ್ದ. ಆಯಿ ನಾಲ್ಕು ಮನೆಯಾಚೆಯ ಘಟದ ಆರತಿಗೆ ಹೋದಳು. ಶಾಲೆಗೆ ದಸರಾ ರಜೆ. ಮನೆಯಲ್ಲಿ ಅವ್ವ, ನಾನು, ದೀಪ. ಅವ್ವ ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡಳು. ಆ ದಿನ ಆಕೆ ಒಮ್ಮೆ ಸ್ನಾನ ಮಾಡಿಯೇ ಆಗಿತ್ತು. ಒದ್ದೆ ಸೀರೆಯಲ್ಲಿ ನೀರು ತೊಟ್ಟಿಕ್ಕಿಸುತ್ತ ನಡುಮನೆಗೆ ಬಂದು ಘಟದ ಮುಂದೆ ಕೂತಳು. ಸಸಿ ಆ ವರ್ಷ ಅಷ್ಟು ದಟ್ಟವಾಗಿ ಬಂದಿತ್ತು! ಬುಡ ಹಾಲಿನಷ್ಟು ಬಿಳಿ, ತುದಿಗೆ ಈಗಷ್ಟೇ ಹಸಿರು. ಅವ್ವ ಕೈಮುಗಿದಳು.

"ತಾಯೀ, ಇದು ಆ ಮರಿಗೋಳ ಕಾಳು. ಅವಕ್ಕ ಕೊಡ್ತೇನಿ."

ಅಷ್ಟೇ. ಬಲಗಡೆಯಿಂದ ಒಂದು ಹಿಡಿಯಷ್ಟು ಸಸಿಯನ್ನು ಬೇರು ಸಮೇತ ಮೆಲ್ಲಗೆ ಎಬ್ಬಿಸಿದಳು. ಮಣ್ಣು ಬಿಡುವಾಗ ಹಳೆಯ ಹೊಲಿಗೆ ಬಿಚ್ಚಿದಂಥ ಸದ್ದಾಯಿತು. ನಾನು ತಾಮ್ರದ ತಂಬಿಗೆಯನ್ನು ಹಿಡಿದು ನಿಂತಿದ್ದೆ. ಅಜ್ಜನ ಫೋಟೋದ ಕಡೆ ನೋಡಬಾರದು ಎಂದುಕೊಂಡು ಅದನ್ನೇ ನೋಡಿದೆ. ಈ ಸಲ ಯಾರು? ಅಪ್ಪನೋ? ಅವ್ವನೋ?

ಅವ್ವ ಹಿಂದಿನ ವರಾಂಡದಲ್ಲಿ ಬೇರಿನ ಮಣ್ಣನ್ನು ಬಿಡದೆ ತೊಳೆದಳು, ಮೊಳೆತ ಕಾಳು ಉದುರದ ಹಾಗೆ. ಕೊಡವಿದಳು. ತಾನು ಮೂಸಿ, ನನ್ನ ಮುಂದೆ ಹಿಡಿದಳು. ಮಣ್ಣಿನ ವಾಸನೆ. ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ನನ್ನ ಮೂಗಿಗೆ ಯಾವ ಅನುಮಾನವೂ ಬರಲಿಲ್ಲ. ತಾಟಿನಲ್ಲಿ ಇಟ್ಟ ಕೂಡಲೇ ಗಂಡು ಹಕ್ಕಿ ಒಂದು ಕಣ್ಣಿನಲ್ಲಿ ನೋಡಿತು, ದೂರ ಹಾರಿತು. ಆಮೇಲೆ ಹೆಣ್ಣು ಹಕ್ಕಿ ಗಡಿಗೆಯಿಂದ ಇಳಿದು ಬಂದು, ಯಾವ ಪರೀಕ್ಷೆಯೂ ಇಲ್ಲದೆ, ಬಿಳಿ ಬುಡವನ್ನು ಕಚ್ಚಿ ಎಳೆಯಿತು. ಸ್ವಲ್ಪ ಹೊತ್ತಿಗೆ ಗಡಿಗೆಯೊಳಗಿಂದ ಬಿಸಿ ಕಾವಲಿಯ ಮೇಲೆ ನೀರು ಚಿಮುಕಿಸಿದಂಥ ಸದ್ದು, ಮರಿಗಳು ಉಣ್ಣುವ ಸದ್ದು. ನಡುವೆ ಒಂದು ಸಣ್ಣ, ತಡವಾದ ದನಿಯೂ ಇತ್ತೇ? ಇತ್ತು ಎಂದು ಅವ್ವ. ನನಗೆ ನಂಬಲು ಹೆದರಿಕೆ.

ನಡುಮನೆಯಲ್ಲಿ, ಘಟದ ಬಲಗಡೆ, ಹಲ್ಲು ಬಿದ್ದ ಬಾಯಿಯ ಹಾಗೆ ಕರಿಯ ಮಣ್ಣು ತೆರೆದುಕೊಂಡಿತ್ತು. ಅವ್ವ ಅದನ್ನು ಮುಚ್ಚಲು ಏನೂ ಮಾಡಲಿಲ್ಲ. ಹೂವನ್ನೂ ಇಡಲಿಲ್ಲ. ಸಂಜೆ ಆಯಿ ಬಂದು, ದೀಪಕ್ಕೆ ಎಣ್ಣೆ ಹಾಕಿ, ಆರತಿ ಎತ್ತಿದಳು. ನಾನು ಆಕೆಯ ಮುಖವನ್ನೇ ನೋಡುತ್ತ ಚಪ್ಪಾಳೆಯ ತಾಳ ತಪ್ಪಿದೆ. ಆಯಿ ಕಣ್ಣಿಗೆ ಪ್ರಸಾದ ಒತ್ತಿಕೊಂಡು ಎಲ್ಲರಿಗೂ ಕೊಟ್ಟಳು. ಊಟಕ್ಕೆ ಕೂತಾಗ ಚೆಂಬು ಕುಕ್ಕಲೂ ಇಲ್ಲ, ಮೆಲ್ಲಗೆ ಕೂರಲೂ ಇಲ್ಲ. ಆಕೆ ಅದನ್ನು ಮುಟ್ಟಲೇ ಇಲ್ಲ. ಕಂಡಿತೋ, ಕಾಣಲಿಲ್ಲವೋ? ಬೈಗಳಾಗಿದ್ದರೆ ಒಮ್ಮೆ ಅತ್ತು ಮಲಗಬಹುದಿತ್ತು.

ಬೆಳಿಗ್ಗೆ ಎದ್ದು ಬಂದವಳು ನಡುಮನೆಯಲ್ಲಿ ನಿಂತುಬಿಟ್ಟೆ. ಘಟದ ಸುತ್ತ ಸಸಿ ತುಂಬಿಕೊಂಡಿತ್ತು. ಬಲಗಡೆ, ಎಡಗಡೆ, ಎದುರಿಗೆ, ಎಲ್ಲಿಯೂ ಒಂದು ಬೆರಳಿನಷ್ಟು ಖಾಲಿ ಇಲ್ಲ. ದೇವರು ರಾತ್ರಿಯೊಳಗೆ ಮತ್ತೆ ಬೆಳೆಸಿದ ಎಂದೇ ನಾನು ಮೊದಲು ನಂಬಿದ್ದು. ಆಮೇಲೆ ನೆಲದ ಮೇಲಿನ ರಂಗೋಲಿ ಕಣ್ಣಿಗೆ ಬಿತ್ತು. ನಿನ್ನೆಯದಲ್ಲ, ಹೊಸದು; ಅಂಚಿನಲ್ಲಿ ಒರೆಸಿ ತೆಗೆದ ಹಳೆಯ ಎಳೆ ಇನ್ನೂ ಮಾಸಲಾಗಿ ಕಾಣುತ್ತಿತ್ತು. ಪತ್ರಾವಳಿಯ ಅಂಚಿನ ಪಕ್ಕ ಅರ್ಧ ಚಂದ್ರದಂತೆ ಒದ್ದೆ ಮಣ್ಣಿನ ಗುರುತು. ಗೋಡೆಗೆ ಕೆನ್ನೆ ಒತ್ತಿ ಘಟದ ಹಿಂದೆ ಇಣುಕಿದೆ. ಹಲ್ಲು ಬಿದ್ದ ಬಾಯಿ ಅಲ್ಲಿತ್ತು, ಗೋಡೆಯ ಕಡೆಗೆ ತಿರುಗಿ.

ಅವ್ವ ನನ್ನ ಹಿಂದೆಯೇ ಬಂದು ನಿಂತಿದ್ದಳು.

"ನೀ ಮುಟ್ಟಿದಿ?"

"ಇಲ್ಲವ್ವ. ನೀ?"

"ಘಟ ಅಲುಗಸ್ತಾರೇನ ಹುಚ್ಚಿ."

ಅಪ್ಪ ದೇವರ ಕಟ್ಟೆಯ ಹತ್ತಿರ ಸುಳಿಯುವವನಲ್ಲ. ಅಷ್ಟರಲ್ಲಿ ಆಯಿ ಹಿತ್ತಿಲಿನಿಂದ ದಾಸವಾಳ ಕಿತ್ತುಕೊಂಡು ಒಳಗೆ ಬಂದಳು. ನಾವಿಬ್ಬರೂ ಸರಿದು ದಾರಿ ಬಿಟ್ಟೆವು. ಆಕೆ ಕೂತು, ಒಂದೊಂದೇ ಹೂವನ್ನು ಬಿಂದಿಗೆಯ ಮೇಲೆ ಇಡತೊಡಗಿದಳು. ಮಡಿಯ ಆ ಕೈಯ ಹೆಬ್ಬೆರಳಿನ ಉಗುರಿನಲ್ಲಿ ಕರಿಯ ಮಣ್ಣು ಇನ್ನೂ ಕೂತಿತ್ತು. ಅವ್ವ ಅದನ್ನು ನೋಡಿದಳು. ನಾನೂ ನೋಡಿದೆ. ನೋಡಿದ್ದನ್ನು ನಾವು ಒಬ್ಬರಿಗೊಬ್ಬರು ಎಂದೂ ಹೇಳಿಕೊಳ್ಳಲಿಲ್ಲ.

ಅದೇ ದಿನ ಕುಂಕುಮಕ್ಕೆಂದು ಪಕ್ಕದ ಮನೆಯ ಕಸ್ತೂರಕ್ಕ ಬಂದಳು. ಯಾರ ಮನೆಯ ಸಸಿ ಎಷ್ಟು ಎತ್ತರ ಎಂಬುದು ಓಣಿಗೆಲ್ಲ ಈ ಕಸ್ತೂರಕ್ಕನಿಂದಲೇ ಗೊತ್ತಾಗುವುದು.

"ಭಾಳ ಚಂದ ಬಂದಾವ ಬಿಡ್ರಿ ಆಯಿ! ಹೋದ ವರ್ಷ ಹಿಂಗ ಇದ್ದಿದ್ದಿಲ್ಲ. ಹಿಂದಿನ ಬಾಜೂನೂ ಹಿಂಗ ದಟ್ಟ ಐತೇನು, ನೋಡೂಣು..." ಎಂದು ಗೋಡೆಯ ಕಡೆ ಬಾಗಿದಳು.

ಅವ್ವ ಕುಂಕುಮದ ತಟ್ಟೆ ಹಿಡಿದವಳು ಹಾಗೆಯೇ ನಿಂತಳು.

"ಹಿಂದ ಏನ ನೋಡ್ತಿ?" ಎಂದಳು ಆಯಿ. "ದೇವರ ಬೆನ್ನ ಯಾರರ ನೋಡ್ತಾರೇನು? ಮುಂದ ಕೂಡು, ಕುಂಕುಮ ಹಚ್ಚಗೋ. ಶಾಂತಾ, ಆಕಿಗೆ ಚಹಾ ಇಡು."

ಕಸ್ತೂರಕ್ಕ ನಾಲಿಗೆ ಕಚ್ಚಿಕೊಂಡು, ಕೆನ್ನೆ ಬಡಿದುಕೊಂಡು, ಮುಂದೆ ಕೂತಳು. ಅವ್ವ ಅಡುಗೆಮನೆಯಲ್ಲಿ ಚಹಾಕ್ಕೆ ಸಕ್ಕರೆ ಎರಡು ಸಲ ಹಾಕಿದಳು.

ಸಂತೆ ಮುಗಿಸಿ ಮಾಮಾ ಬಂದಾಗ ಮರಿಗಳು ಹೆಸರುಕಾಳಿನ ಮೊಳಕೆ ತಿನ್ನುತ್ತಿದ್ದವು. ಸಣ್ಣದರ ಚೀಲವೂ ತುಂಬಿತ್ತು. ಮಾಮಾ ಹೊಟ್ಟಿನ ನವಣೆಯ ಚೀಲ ಇಳಿಸಿ, ತೂಗುತ್ತಿದ್ದ ಗಂಟುಗಳನ್ನು ನೋಡಿ ನಕ್ಕದ್ದೇ ನಕ್ಕದ್ದು.

"ಅಕ್ಕಾ, ನಮ್ಮ ಅತ್ತಿವೇರಿ ಕೆರಿಗೆ ಎಲ್ಲೆಲ್ಲಿಂದೋ ಹಕ್ಕಿ ಬರ್ತಾವು. ಯಾವುದಕ್ಕೂ ಯಾರೂ ಅರವ್ಯಾಗ ಮೊಳಕಿ ಕಟ್ಟಿ ಉಣಸಂಗಿಲ್ಲ. ನೀ ಏನ ಇವಕ್ಕ ಬಾಣಂತನ ಮಾಡಾಕತ್ತಿಯೇನು?"

"ಮಾಡ್ಲಿ ಬಿಡಪಾ," ಎಂದಳು ಆಯಿ ಒಳಗಿನಿಂದ. "ನಿಮ್ಮ ಅಕ್ಕ ಮಾತ ಕೊಟ್ಟಾಳ."

ದಶಮಿಯ ದಿನ ಆಯಿ ಎದುರುಗಡೆಯ ಸಸಿಯನ್ನು ಕಿತ್ತು ಅಪ್ಪನ ಟೊಪ್ಪಿಗೆಗೆ ಸಿಕ್ಕಿಸಿದಳು, ಅವ್ವನ ತುರುಬಿಗೆ, ನನ್ನ ಎರಡು ಜಡೆಗೆ ಮುಡಿಸಿದಳು. ಆದರೆ ಫಲ ಓದಲು ಕೂರಲಿಲ್ಲ. ಅಪ್ಪ ನೆನಪು ಮಾಡಿದ. ಕಣ್ಣು ಸರಿ ಕಾಣುವುದಿಲ್ಲ ಎಂದುಬಿಟ್ಟಳು. ಆ ಒಂದು ವರ್ಷ ನಾನು ಹೇಗೆ ಕಳೆದೆ ಎಂದು ಈಗ ನೆನೆದರೆ ಆ ಹುಡುಗಿಯನ್ನು ಎತ್ತಿಕೊಳ್ಳಬೇಕೆನಿಸುತ್ತದೆ. ಸಸಿ ಕಿತ್ತದ್ದು ಒಂದು, ಘಟ ತಿರುಗಿಸಿದ್ದು ಇನ್ನೊಂದು. ಎರಡಕ್ಕೂ ಸೇರಿ ಏನು ಬರುತ್ತದೋ? ಅಪ್ಪ ಕೆಮ್ಮಿದರೆ ಕಿವಿ ನಿಮಿರುತ್ತಿತ್ತು. ಭೋಂಗಾ ಕೂಗಿ ಬಹಳ ಹೊತ್ತಾದರೂ ಸೈಕಲ್ಲಿನ ಗಂಟೆ ಕೇಳದಿದ್ದರೆ ಮುಂದಿನ ಬಾಗಿಲಿಗೂ ಹಿಂದಿನ ಬಾಗಿಲಿಗೂ ಓಡಾಡುತ್ತಿದ್ದೆ. ಅವ್ವನ ಹಣೆ ಮುಟ್ಟಿ ನೋಡುತ್ತಿದ್ದೆ. ಆಯಿ ಬಿಸಿಲಿಗೆ ಒರಗಿ ನಿದ್ದೆ ಹೋಗಿದ್ದರೆ ಹತ್ತಿರ ಹೋಗಿ ಉಸಿರಿನ ಬಿಸಿ ಬೆರಳಿಗೆ ತಾಗುವವರೆಗೂ ನಿಲ್ಲುತ್ತಿದ್ದೆ. ಸಂಕ್ರಾಂತಿ ಬಂತು, ಯುಗಾದಿ ಬಂತು, ಕಾರಹುಣ್ಣಿವೆ ಬಂತು. ಯಾರಿಗೂ ಏನೂ ಆಗಲಿಲ್ಲ. ಮರಿಗಳಿಗೆ ಕೆಂಪು ಕೊಕ್ಕು ಬಂದು, ಅವೂ ಪೀಪಿ ಊದತೊಡಗಿದವು. ಆದರೆ ನನ್ನ ಕಾಯುವಿಕೆ ಮಾತ್ರ ಹೋಗಲಿಲ್ಲ. ಅದು ಮೂಗಿನ ತುದಿಯಲ್ಲಿ ಬಂದು ಕೂತಿತು, ಇಂದಿಗೂ ಅಲ್ಲೇ ಇದೆ.

ಮುಂದಿನ ದಸರೆಗೆ ಆಯಿಯ ಕೈ ನಡುಗತೊಡಗಿದ್ದರಿಂದ ಬಿತ್ತುವ ಕೆಲಸ ಅವ್ವನಿಗೆ ಬಂತು. ಮಣ್ಣು ಹರಡಿಯಾಗಿತ್ತು. ಬದಿಯಲ್ಲಿ ಕೂತು ಬತ್ತಿ ಹೊಸೆಯುತ್ತ ಆಯಿ ನೋಡುತ್ತಿದ್ದಳು. ಹಿಂದಿನ ವರಾಂಡದಲ್ಲಿ ಹೆಣ್ಣು ಹಕ್ಕಿ ಆ ವಾರವೇ ಮತ್ತೆ ಗಡಿಗೆ ಸೇರಿತ್ತು. ಅವ್ವ ನವಣೆಯನ್ನು ಸುತ್ತಲೂ ಸಮನಾಗಿ, ಒಂದು ಕಾಳು ಹೆಚ್ಚು ಕಡಿಮೆ ಆಗದಂತೆ ಉದುರಿಸಿ, ಕೈ ಕೊಡವಲು ಹೋದಳು.

"ಗ್ವಾಡಿ ಬಾಜು ಇನ್ನೊಂದೀಟು ದಪ್ಪ ಹಾಕು," ಎಂದಳು ಆಯಿ.

ಅವ್ವನ ಕೈ ಅಲ್ಲೇ ನಿಂತಿತು.

"ಯಾಕ್ರಿ ಅತ್ತಿ?"

ಆಯಿ ತಲೆ ಎತ್ತಲಿಲ್ಲ. ಬತ್ತಿಯ ತುದಿಯನ್ನು ಎಣ್ಣೆಯಲ್ಲಿ ಅದ್ದಿ ಹೊರಳಿಸಿದಳು.

"ಬೇಕಾಗ್ತಾವು."

ಅವ್ವ ಡಬ್ಬಿಯಿಂದ ಇನ್ನೊಂದು ಹಿಡಿ ತೆಗೆದು ನನ್ನ ಮೂಗಿನ ಮುಂದೆ ಹಿಡಿದಳು. ನಾನು ಮೂಸಿ ತಲೆಯಾಡಿಸಿದೆ. ಆಕೆ ಗೋಡೆಯ ಕಡೆ ಬಾಗಿ ಹಿಡಿಯನ್ನು ಬಿಚ್ಚಿದಳು.